ಅಡುಗೆಮನೆಯ ಕಿಟಕಿಯಿಂದ: ಒಲೆ ಹಾಡಿದ ಕಥೆ



ಹೋದ ಸಲ ಶ್ರಾವಣದ ಹಬ್ಬಗಳ ಬಗ್ಗೆ ಬರೆದಿದ್ದೆನಷ್ಟೆ. ಅದನ್ನು ಓದಿದ ನಿಮ್ಮಲ್ಲೊಬ್ಬ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಿ, 'ಆಂಟಿ, ಯಾವಾಗ್ಲೂ ಹೋಳಿಗೆ, ಅಜ್ಜಿ, ಊರು ಅಂತಲೇ ಬರೀತೀರಲ್ಲ, ಒಮ್ಮೆಯಾದ್ರೂ ಸೈನ್ಸ್ ಬರೀರಿ ನೋಡೋಣ' ಎಂದು ಸವಾಲು ಹಾಕಿಬಿಟ್ಟ. ನಾನು ಧಾರವಾಡದಲ್ಲಿ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದವಳು. ಹಾರ್ಡಿಯ ಕಾದಂಬರಿ ಕೇಳಿದರೆ ಇಂದಿಗೂ ಕಥೆ ಹೇಳಿಯೇನು. ಫಿಜಿಕ್ಸ್ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಅದು ನನ್ನನ್ನು ದಾಟಿಸಿದ್ದೇ ದೊಡ್ಡದು. ಆದರೂ ಈ ಸಲ ಸೈನ್ಸೇ ಬರೆಯುತ್ತೇನೆ. ಅಜ್ಜಿ ಮಾತ್ರ ಬಂದೇ ಬರುತ್ತಾಳೆ, ಅದಕ್ಕೆ ನಾನು ಹೊಣೆಯಲ್ಲ.

ನಮ್ಮ ಅಜ್ಜಿಯ ಮನೆಯಲ್ಲಿ ಮಣ್ಣಿನ ಒಲೆ. ಕಟ್ಟಿಗೆ ಹಸಿಯಾಗಿದ್ದರೆ ಊದುಗೊಳವೆಯಿಂದ ಊದಿ ಊದಿ ಅವಳ ಕಣ್ಣು ಕೆಂಪಾಗುತ್ತಿತ್ತು. ಕೆಲವೊಮ್ಮೆ ಉರಿ ಇದ್ದಕ್ಕಿದ್ದಂತೆ 'ಭುರ್ ಭುರ್' ಎಂದು ಸದ್ದು ಮಾಡುತ್ತಿತ್ತು. ಆಗ ಅಜ್ಜಿ, 'ಒಲಿ ನಗಲಿಕ್ಕತ್ತದ ನೋಡು, ಯಾರೋ ಬೀಗರು ಬರ್ತಾರ. ಒಂದು ಹಿಡಿ ಅಕ್ಕಿ ಹೆಚ್ಚು ಹಾಕು' ಎನ್ನುವಳು. ಬೀಗರು ಬರುತ್ತಿದ್ದರೋ ಇಲ್ಲವೋ ನೆನಪಿಲ್ಲ. ಬೆಂಕಿ ನಗುತ್ತದೆ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿತ್ತು.

ಕಳೆದ ಬೇಸಿಗೆಯಲ್ಲಿ ನಮ್ಮ ಕಟ್ಟಡಕ್ಕೆ ಪೈಪ್ ಗ್ಯಾಸ್ ಬಂತು. ಹುಡುಗರು ಬಂದರು, ಒಲೆಯ ಜೆಟ್ ಬದಲಿಸಿದರು, ಸಹಿ ಹಾಕಿಸಿಕೊಂಡು ಹೋದರು. ಮರುದಿನ ಕಡಲೆಬೇಳೆ ಬೇಯಿಸಲು ದೊಡ್ಡ ಪಾತ್ರೆ ಇಟ್ಟು ಉರಿ ದೊಡ್ಡದು ಮಾಡಿದೆ ನೋಡಿ, ಒಲೆ 'ಹೂಂ...' ಎಂದು ಒಂದೇ ಶ್ರುತಿಯಲ್ಲಿ ಹಾಡತೊಡಗಿತು! ಉರಿ ಸಣ್ಣದು ಮಾಡಿದರೆ ಸುಮ್ಮನಾಗುತ್ತದೆ, ದೊಡ್ಡದು ಮಾಡಿದರೆ ಮತ್ತೆ ಹೂಂಗುಟ್ಟುತ್ತದೆ. ಅಜ್ಜಿಯ ಮಾತು ನೆನಪಾಗಿ ನಗು ಬಂತು, ಜೊತೆಗೆ ಹೆದರಿಕೆಯೂ ಆಯಿತು.

ಮೇಲಿನ ಮಹಡಿಯ ವೈನಿಯ ಮಗಳು ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ ಹುಡುಗಿ. 'ಕಾಕೂ, ನಿಮ್ಮ ಗ್ಯಾಸ್ ಹಾಡ್ಲಿಕ್ಕತ್ತದ!' ಎಂದು ಕಣ್ಣರಳಿಸಿ, ಮೊಬೈಲ್ ತೆಗೆದು ಅದರ ಸದ್ದನ್ನು ಹಿಡಿದು ನನಗೆ ತೋರಿಸಿದಳು. ಪರದೆಯ ಮೇಲೆ ಸಾಮಾನ್ಯ ಗದ್ದಲವೆಲ್ಲ ಹುಲ್ಲಿನ ಹಾಗೆ ಕೆಳಗಿತ್ತು, ಅದರ ನಡುವೆ ಒಂದೇ ಕಡ್ಡಿ ತೆಂಗಿನ ಮರದಂತೆ ನೆಟ್ಟಗೆ ನಿಂತಿತ್ತು. 'ನಾನು ಇದನ್ನೇ ಓದಬೇಕಂತೀನಿ ಕಾಕೂ. ಅವ್ವ ಅಪ್ಪ ಒಲ್ಲೆ ಅಂತಾರ' ಎಂದಳು.

ಹೀಗೆ ಶುರುವಾಯಿತು ನನ್ನ ಪಾಠ. ಗುರು ನನಗಿಂತ ಮೂವತ್ತು ವರ್ಷ ಚಿಕ್ಕವಳು. ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟನ್ನು ನನ್ನ ಭಾಷೆಯಲ್ಲಿ ನಿಮಗೆ ಹೇಳುತ್ತೇನೆ.

ಮೊದಲು ಒಲೆಯ ವಿಷಯ. ಸಿಲಿಂಡರಿನ ಗ್ಯಾಸು ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಪೈಪಿನದು ಬಹುಪಾಲು ಮೀಥೇನ್. ಒಂದು ಲೋಟ ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಲೋಟ ಗಾಳಿ ಬೇಕು, ಬ್ಯೂಟೇನಿಗೆ 31. ಮೀಥೇನಿಗೆ ಒಂಬತ್ತೂವರೆ ಲೋಟ ಸಾಕು. ಮೀಥೇನಿನಲ್ಲಿ ಲೋಟವೊಂದಕ್ಕೆ ಸಿಗುವ ಶಾಖವೂ ಕಡಿಮೆ, ಆದ್ದರಿಂದ ಜೆಟ್ಟಿನ ತೂತು ದೊಡ್ಡದಾಗಬೇಕು, ಗಾಳಿಯ ಕಿಂಡಿಯನ್ನೂ ಹೊಂದಿಸಬೇಕು. ನಮ್ಮ ಮನೆಗೆ ಬಂದವರು ಜೆಟ್ ಬದಲಿಸಿದ್ದರು, ಗಾಳಿಯನ್ನು ಮರೆತಿದ್ದರು.

ಗ್ಯಾಸಿಗೆ ಮೊದಲೇ ಗಾಳಿ ಬೆರೆಸಿ ಉರಿಸುವ ಈ ಉಪಾಯ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸನ್ 1855ರ ಸುಮಾರಿಗೆ ಬಳಕೆಗೆ ತಂದದ್ದು. ನಿಮ್ಮ ಶಾಲೆಯ ಪ್ರಯೋಗಾಲಯದ ಬರ್ನರೂ ನಿಮ್ಮ ಅಮ್ಮನ ಒಲೆಯೂ ಒಂದೇ ವಂಶ. ಅದರ ನೀಲಿ ಉರಿ ಬರ್ನರಿನ ಮೇಲೆ ಸುಮ್ಮನೆ ಕುಳಿತಂತೆ ಕಾಣುತ್ತದಲ್ಲವೇ? ಕುಳಿತಿಲ್ಲ. ಅದು ಸದಾ ಗ್ಯಾಸು ಬರುವ ಕಡೆಗೆ, ಅಂದರೆ ಕೆಳಗೆ, ಓಡುತ್ತಲೇ ಇರುತ್ತದೆ; ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗ. ಗ್ಯಾಸು ಎದುರಿನಿಂದ ಮೇಲಕ್ಕೆ ತಳ್ಳುತ್ತದೆ. ಸಂಜೆ ಆರೂವರೆಗೆ ದಾದರ್ ಸೇತುವೆಯ ಮೇಲೆ ಜನಪ್ರವಾಹಕ್ಕೆ ಎದುರಾಗಿ ನೀವು ಎಷ್ಟು ನಡೆದರೂ ಅಲ್ಲೇ ಇರುತ್ತೀರಲ್ಲ, ಹಾಗೆ. ಪ್ರವಾಹ ಜೋರಾದರೆ ಉರಿ ಬರ್ನರಿನಿಂದ ಮೇಲೆದ್ದು ತೇಲಾಡುತ್ತದೆ, ಕಡೆಗೆ ಆರಿಹೋಗುತ್ತದೆ. ಪ್ರವಾಹ ತೀರ ಸಣ್ಣದಾದರೆ ಉರಿ ಒಳಗೇ ನುಗ್ಗಿ 'ಪಟ್' ಎನ್ನುತ್ತದೆ. ನಮ್ಮ ಒಲೆಯಲ್ಲಿ ಗಾಳಿ ಹೆಚ್ಚಾಗಿ ಉರಿ ಹೋಗಲೋ ಇರಲೋ ಎಂದು ಅಂಚಿನಲ್ಲಿ ನಿಂತಿತ್ತು. ಅಂಥ ಉರಿಗೆ ಸಣ್ಣ ಸದ್ದು ತಾಗಿದರೂ ಸಾಕು, ನಡುಗುತ್ತದೆ.

ಇಲ್ಲಿ ಒಂದು ಮಾತು. ಇಂಗ್ಲಿಷಿನಲ್ಲಿ ಶಾಂತವಾದ ಉರಿಗೂ ಅಬ್ಬರದ ಉರಿಗೂ ಹೆಸರು ಒಂದೇ, ಮುಂದೆ ಒಂದು ವಿಶೇಷಣ ಹಚ್ಚುತ್ತಾರೆ ಅಷ್ಟೆ. ಕನ್ನಡದಲ್ಲಿ ನೋಡಿ: ದೇವರ ಮುಂದಿನದು ಸೊಡರು, ಒಲೆಯದು ಉರಿ, ಹೋಮದ್ದು ಜ್ವಾಲೆ, ಕಾಡಿನದು ಕಾಳ್ಗಿಚ್ಚು, ಎಲ್ಲ ಕಡೆಯಿಂದ ನಾಲಿಗೆ ಚಾಚಿ ಹೊರಳಾಡುವುದು ದಳ್ಳುರಿ. ವಿಜ್ಞಾನಿಗಳು 'ಟರ್ಬ್ಯುಲೆಂಟ್' ಎನ್ನುವ ಉರಿಗೆ ನಾನು ದಳ್ಳುರಿ ಎಂದೇ ಕರೆಯುತ್ತೇನೆ. ನನ್ನ ಗುರುವೂ ಒಪ್ಪಿದ್ದಾಳೆ.

ದಳ್ಳುರಿ ಯಾಕೆ ಬೇಕು ಎಂದರೆ, ಸೊಡರಿನ ನಿಧಾನದ ಉರಿಯಲ್ಲಿ ಬಾಯ್ಲರ್ ನಡೆಯುವುದಿಲ್ಲ, ವಿಮಾನ ಹಾರುವುದಿಲ್ಲ. ಸೆಕೆಂಡಿಗೆ 40 ಸೆಂಟಿಮೀಟರ್ ಓಡುವ ಉರಿ ಟನ್ನುಗಟ್ಟಲೆ ಇಂಧನವನ್ನು ಹೇಗೆ ತಿಂದೀತು? ಗಾಳಿಯನ್ನು ರಭಸದಿಂದ ಸುಳಿಸುಳಿಯಾಗಿ ನುಗ್ಗಿಸಿದರೆ ಉರಿಯ ಹಾಳೆ ಸುಕ್ಕಾಗುತ್ತದೆ, ಮಡಿಚಿಕೊಳ್ಳುತ್ತದೆ. ಐದೂವರೆ ಮೀಟರ್ ಸೀರೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸುತ್ತೇವಲ್ಲ, ಹಾಗೆಯೇ ಚಿಕ್ಕ ಜಾಗದಲ್ಲಿ ಬಹಳ ಉರಿ. ಪ್ರತಿ ನೆರಿಗೆಯೂ ತನ್ನ ಪಾಡಿಗೆ ನಿಧಾನವಾಗಿಯೇ ಉರಿಯುತ್ತದೆ, ಆದರೆ ಒಟ್ಟು ಬಟ್ಟೆ ದೊಡ್ಡದು. 1940ರಲ್ಲಿ ಜರ್ಮನಿಯ ಡಾಮ್‌ಕೋಲರ್ ಎಂಬವರು ಈ ಮಾತನ್ನು ಮೊದಲು ಬಿಡಿಸಿ ಹೇಳಿದರಂತೆ. ಅಜ್ಜಿ ಊದುಗೊಳವೆಯಿಂದ ಮಾಡುತ್ತಿದ್ದುದೂ ಇದೇ ಅಲ್ಲವೇ? ಗಾಳಿ ಕೊಡುವುದಷ್ಟೇ ಅಲ್ಲ, ಉರಿಗೆ ನೆರಿಗೆ ಹಿಡಿಯುವುದು!

ಈಗ ಹಾಡಿನ ವಿಷಯ. ಇದು ಹೊಸದೇನಲ್ಲ. 1777ರಲ್ಲಿಯೇ ಹಿಗಿನ್ಸ್ ಎಂಬ ವಿಜ್ಞಾನಿ ಕೊಳವೆಯೊಳಗಿನ ಹೈಡ್ರೋಜನ್ ಉರಿ ಹಾಡುವುದನ್ನು ಕಂಡಿದ್ದ. 1858ರಲ್ಲಿ ಅಮೆರಿಕದ ಲೆ ಕಾಂಟ್ ಒಂದು ಸಂಗೀತ ಕೂಟದಲ್ಲಿ ಕುಳಿತಿದ್ದಾಗ, ಗೋಡೆಯ ಗ್ಯಾಸ್ ದೀಪ ಚೆಲ್ಲೋ ವಾದ್ಯದ ನಾದಕ್ಕೆ ಸರಿಯಾಗಿ ಕುಣಿಯುವುದನ್ನು ಗಮನಿಸಿದರು. ಸಂಗೀತ ಕೇಳುತ್ತಾ ದೀಪ ನೋಡಿದ ಪುಣ್ಯಾತ್ಮ! ಧಾರವಾಡದಲ್ಲಿ ನಾವೂ ರಾತ್ರಿಯಿಡೀ ಬೈಠಕ್ಕುಗಳಲ್ಲಿ ಕುಳಿತಿದ್ದೆವು, ದೀಪದ ಕಡೆ ಯಾರು ನೋಡಿದ್ದರು?

ಮರುವರ್ಷ, 1859ರಲ್ಲಿ, ಹಾಲೆಂಡಿನ ಲೈಡನ್ನಿನಲ್ಲಿ ರೈಕೆ ಎಂಬ ಪ್ರಾಧ್ಯಾಪಕರು ಎರಡೂ ಕಡೆ ತೆರೆದ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಕೆಳಭಾಗದಲ್ಲಿ ತಂತಿಯ ಜಾಲರಿ ಸಿಕ್ಕಿಸಿ, ಕೆಳಗಿನಿಂದ ಉರಿ ಹಿಡಿದು ಕೆಂಪಗೆ ಕಾಯಿಸಿದರು. ಉರಿ ತೆಗೆದ ಕೂಡಲೇ ಕೊಳವೆ ಜೋರಾಗಿ ಹಾಡಿತು. ಕೊಳವೆಯನ್ನು ಅಡ್ಡ ಮಲಗಿಸಿದರೆ ಸುಮ್ಮನಾಯಿತು, ಏಕೆಂದರೆ ಬಿಸಿ ಗಾಳಿ ಮೇಲೇರುವ ಪ್ರವಾಹ ನಿಂತುಹೋಯಿತು. ಜಾಲರಿ ಕೆಳಗಿನಿಂದ ಕಾಲು ಭಾಗದ ಎತ್ತರದಲ್ಲಿದ್ದರೆ ಹಾಡು ಅತ್ಯಂತ ಜೋರು. ಮೇಲಿನ ಅರ್ಧದಲ್ಲಿಟ್ಟರೆ ಹಾಡೇ ಇಲ್ಲ. ಒಂದು ಮೀಟರ್ ಕೊಳವೆ ಸೆಕೆಂಡಿಗೆ ಸುಮಾರು 170 ಕಂಪನದ ಸ್ವರ ಹಿಡಿಯುತ್ತದೆ. ಅರ್ಧ ಮೀಟರಿನದು ಅದರ ದುಪ್ಪಟ್ಟು, ಅಂದರೆ ಅದೇ ಷಡ್ಜ, ಒಂದು ಸಪ್ತಕ ಮೇಲೆ.

ನಮ್ಮ ಹುಡುಗಿ ಇದನ್ನು ನಮ್ಮ ಬಾಲ್ಕನಿಯಲ್ಲಿಯೇ ಮಾಡಿ ತೋರಿಸಿದಳು. ಮಾನಪಾಡಾ ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ಕಬ್ಬಿಣದ ಪೈಪು, ಹಳೆಯ ಹಿಟ್ಟಿನ ಜರಡಿಯ ತಂತಿ, ಪ್ಲಂಬರನ ಗ್ಯಾಸ್ ದೀಪ. ಪೈಪು 'ಭೋಂ' ಎಂದ ಕೂಡಲೇ ಕೆಳಗಿನ ಮನೆಯ ಆಜಿ ಹೊರಗೆ ಬಂದು ಯಾರ ಮನೆಯಲ್ಲಿ ಶಂಖ ಊದುತ್ತಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು. ನೀವೂ ಮಾಡಬಹುದು, ಆದರೆ ಗಾಜಿನ ಕೊಳವೆ ಬೇಡ, ಅದು ಸಿಡಿಯುತ್ತದೆ. ದಪ್ಪ ಕೈಗವಸು ಇರಲಿ, ಮನೆಯ ದೊಡ್ಡವರೊಬ್ಬರು ಹತ್ತಿರ ಇರಲಿ.

ಇದು ಯಾಕೆ ಹಾಡುತ್ತದೆ ಎಂಬುದನ್ನು 1878ರಲ್ಲಿ ಲಾರ್ಡ್ ರೇಲೀ ಹೇಳಿದ. ಅದನ್ನು ನಾನು ಪಂಚಮಿಯ ಜೋಕಾಲಿಯಿಂದ ಅರ್ಥ ಮಾಡಿಕೊಂಡೆ. ನಮ್ಮ ಕಡೆ ನಾಗರ ಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ ಜೀಕುತ್ತೇವಲ್ಲ, ಹಿಂದೆ ನಿಂತವಳು ಸರಿಯಾದ ಗಳಿಗೆಯಲ್ಲಿ, ಜೋಕಾಲಿ ಹೊರಡುವಾಗ ತಳ್ಳಿದರೆ ಸಣ್ಣ ಸಣ್ಣ ತಳ್ಳುವಿಕೆಯಲ್ಲೇ ಅದು ಆಕಾಶ ಮುಟ್ಟುತ್ತದೆ. ಅದು ಎದುರು ಬರುವಾಗ ತಳ್ಳಿದರೆ ನಿಂತುಹೋಗುತ್ತದೆ. ಕೊಳವೆಯೊಳಗಿನ ಗಾಳಿ ಜೋಕಾಲಿ, ಉರಿ ಅದನ್ನು ತಳ್ಳುವವಳು. ಗಾಳಿ ಒತ್ತಿಕೊಂಡ ಗಳಿಗೆಯಲ್ಲೇ ಉರಿ ಹೆಚ್ಚು ಶಾಖ ಕೊಟ್ಟರೆ ಸದ್ದು ಬೆಳೆಯುತ್ತದೆ. ಗಾಳಿ ಸಡಿಲಾದಾಗ ಕೊಟ್ಟರೆ ಸಾಯುತ್ತದೆ. ತಮಾಷೆಯೆಂದರೆ, ಯಾವಾಗ ತಳ್ಳಬೇಕೆಂದು ಉರಿಗೆ ಹೇಳುವುದೂ ಆ ಸದ್ದೇ. ಸದ್ದು ಉರಿಯನ್ನು ನಡುಗಿಸುತ್ತದೆ, ನಡುಗಿದ ಉರಿ ಶಾಖವನ್ನು ಅಲೆಅಲೆಯಾಗಿ ಕೊಡುತ್ತದೆ, ಆ ಅಲೆ ಮತ್ತೆ ಸದ್ದಾಗುತ್ತದೆ. ಅತ್ತೆ ಸೊಸೆಯರ ಜಗಳದ ಹಾಗೆ! ಅತ್ತೆಯ ಸಿಟ್ಟು ಏರಿದ ಗಳಿಗೆಗೇ ಸೊಸೆಯ ಉತ್ತರ ಬಿದ್ದರೆ ಮನೆ ಹಾರಿಹೋಗುತ್ತದೆ. ಇಳಿದ ಮೇಲೆ ಬಂದರೆ ಚಹಾ ಕುಡಿದು ಮುಗಿಯುತ್ತದೆ.

ಮನೆಯ ಒಲೆಯಲ್ಲಿ ಇದು ತಮಾಷೆ, ರಾಕೆಟ್ಟಿನಲ್ಲಿ ಅಲ್ಲ. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸಾಟರ್ನ್-5 ರಾಕೆಟ್ಟಿನ ಬುಡದಲ್ಲಿ ಐದು ಎಫ್-1 ಎಂಜಿನ್ನುಗಳಿದ್ದವು, ಒಂದೊಂದರ ನೂಕುಬಲ ಸುಮಾರು 680 ಟನ್. 1962ರಲ್ಲಿ ಪರೀಕ್ಷೆಯ ವೇಳೆ ಇಂಥ ಒಂದು ಎಂಜಿನ್ ತನ್ನದೇ ಉರಿಯ ಕಂಪನದಿಂದ ಹಾಳಾಯಿತು. ಯಾವಾಗ ಕಂಪನ ಹುಟ್ಟುತ್ತದೆಂದು ಯಾರಿಗೂ ಹೇಳಲಾಗಲಿಲ್ಲ. ಆಗ ಇಂಜಿನಿಯರರು ಒಂದು ವಿಚಿತ್ರ ಉಪಾಯ ಮಾಡಿದರು: ಉರಿಯುತ್ತಿರುವ ಎಂಜಿನ್ನಿನ ಹೊಟ್ಟೆಯಲ್ಲಿ ಬೇಕೆಂದೇ ಒಂದು ಪುಟ್ಟ ಬಾಂಬ್ ಸಿಡಿಸಿ ಕಂಪನವನ್ನು ತಾವೇ ಎಬ್ಬಿಸುವುದು, ಅದು ಎಷ್ಟು ಹೊತ್ತಿನಲ್ಲಿ ಅಡಗುತ್ತದೆ ಎಂದು ನೋಡುವುದು. ಸುಮಾರು 2000 ಪೂರ್ಣಪ್ರಮಾಣದ ಪರೀಕ್ಷೆಗಳಾದವು. ಇಂಧನ ಚಿಮ್ಮುವ ತಟ್ಟೆಯ ಮೇಲೆ ಅಡ್ಡಗೋಡೆಗಳನ್ನು ಎಬ್ಬಿಸಿ, ತೂತುಗಳನ್ನು ಮತ್ತೆ ಮತ್ತೆ ಬದಲಿಸಿ, ಕಡೆಗೆ ಬಾಂಬ್ ಸಿಡಿದರೂ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕಂಪನ ತಣ್ಣಗಾಗುವಂತೆ ಮಾಡಿದರು. ಮುಂದೆ 13 ಸಾಟರ್ನ್-5 ಉಡಾವಣೆಗಳಲ್ಲಿ ಒಂದೇ ಒಂದು ಎಫ್-1 ಕೈಕೊಡಲಿಲ್ಲ. ಪೂರ್ತಿ ಅರ್ಥವಾಗದಿದ್ದರೂ ಕೆಲಸ ಸಾಧಿಸಿಕೊಂಡರು ಎನ್ನಬೇಕು. ನಮ್ಮ ಹೆಂಗಸರು ಉಪ್ಪಿನಕಾಯಿ ಹಾಕುವುದು ಹೀಗೆಯೇ.

ಯುರೋಪಿನ ಏರಿಯಾನ್ ರಾಕೆಟ್ಟಿನ ಎರಡನೇ ಹಾರಾಟ, 1980ರ ಮೇ 23ರಂದು, ವೈಕಿಂಗ್ ಎಂಜಿನ್ನೊಂದರಲ್ಲಿ ಇದೇ ರೋಗ ಕಾಣಿಸಿಕೊಂಡು ಸಮುದ್ರ ಸೇರಿತು. ಆ ವೈಕಿಂಗಿನ ವಿನ್ಯಾಸದಿಂದಲೇ ನಮ್ಮ ಇಸ್ರೋದ ವಿಕಾಸ್ ಎಂಜಿನ್ ಹುಟ್ಟಿದ್ದು. 2023ರಲ್ಲಿ ಚಂದ್ರಯಾನ-3ನ್ನು ಹೊತ್ತ ರಾಕೆಟ್ಟಿನಲ್ಲೂ ಎರಡು ವಿಕಾಸ್‌ಗಳಿದ್ದವು. ಅಂದು ನಾವೆಲ್ಲ ಟಿ.ವಿ. ಮುಂದೆ ಕೈಮುಗಿದು ಕುಳಿತಿದ್ದೆವು. ಒಳಗೆ ಉರಿ ಶ್ರುತಿ ತಪ್ಪದೆ, ಅಲ್ಲಲ್ಲ, ಶ್ರುತಿ ಹಿಡಿಯದೆ ಇರಲಿ ಎಂದು ಪ್ರಾರ್ಥಿಸಬೇಕಿತ್ತು ಎಂದು ನನಗೆ ಈಗ ತಿಳಿಯುತ್ತಿದೆ.

ಮೇ 23 ಎಂದ ಕೂಡಲೇ ನಮ್ಮ ಎಂಐಡಿಸಿಯವರಿಗೆ ಬೇರೆಯೇ ನೆನಪು. 2024ರ ಆ ಮಧ್ಯಾಹ್ನ ಫೇಸ್ 2ರ ರಾಸಾಯನಿಕ ಕಾರ್ಖಾನೆಯ ಸ್ಫೋಟಕ್ಕೆ ನಮ್ಮ ಕಿಟಕಿಯ ಗಾಜುಗಳೂ ಹೋದವು. ಅದಕ್ಕೆ ಎಂಟು ವರ್ಷ ಮೊದಲು, 2016ರ ಮೇ 26ರಂದು, ಇನ್ನೊಂದು. ಎರಡರಲ್ಲೂ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಅವು ರಾಸಾಯನಿಕಗಳ ಸ್ಫೋಟ, ನಾನು ಹೇಳುತ್ತಿರುವ ಹಾಡುವ ಉರಿಯ ಜಾತಿಯವಲ್ಲ. ಎರಡನ್ನೂ ಬೆರೆಸಬಾರದು ಎಂದು ಹುಡುಗಿ ಎಚ್ಚರಿಸಿದ್ದಾಳೆ. ಆದರೆ ಬೆಂಕಿಯ ಪಕ್ಕದಲ್ಲೇ ಮನೆ ಕಟ್ಟಿಕೊಂಡಿರುವ ನಮಗೆ ಬೆಂಕಿಯ ಸ್ವಭಾವ ತಿಳಿದಿರಬೇಡವೇ?

ನಮ್ಮ ಮನೆಯವರು ಮೂವತ್ತು ವರ್ಷ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಹುಡುಗಿ ರೇಲೀ, ರೈಕೆ ಎಂದು ಹೇಳುತ್ತಿದ್ದಾಗ ಅವರು ಪೇಪರ್ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಒಮ್ಮೆ ಪೇಪರ್ ಕೆಳಗಿಳಿಸಿ, 'ಬಾಯ್ಲರಿನ ಸದ್ದು ಬದಲಾದ್ರ ನಮಗ ಊಟ ಸೇರ್ತಿರಲಿಲ್ಲ' ಎಂದರು. ಆಮೇಲೆ, ನನಗೂ ಎಂದೂ ಹೇಳದಿದ್ದ ಒಂದು ಕಥೆ ಹೇಳಿದರು. 1998ರ ಮಳೆಗಾಲ. ಬಾಯ್ಲರ್ ಎರಡು ದಿನದಿಂದ ಬಿಟ್ಟು ಬಿಟ್ಟು ಗುಂಯ್‌ಗುಟ್ಟುತ್ತಿತ್ತು. ಇವರು ಲಾಗ್ ಪುಸ್ತಕದಲ್ಲಿ ಬರೆದಿಟ್ಟರು. ಪ್ರೊಡಕ್ಷನ್ನಿನ ಗಡಿಬಿಡಿಯಲ್ಲಿ ಯಾರೂ ಓದಲಿಲ್ಲ. ಮೂರನೆಯ ರಾತ್ರಿ ಇವರ ಪಾಳಿ ಮುಗಿದ ಮೇಲೆ ಬರ್ನರಿನ ಉರಿ ಆರಿಹೋಯಿತು. ಉರಿ ಆರಿದರೆ ಮೊದಲು ಫ್ಯಾನ್ ಹಚ್ಚಿ ಒಳಗಿನ ಹಳೆಯ ಆವಿಯನ್ನೆಲ್ಲ ಹೊರಗೆ ದೂಡಬೇಕು, ಅದಕ್ಕೆ 'ಪರ್ಜ್' ಎನ್ನುತ್ತಾರೆ, ಆಮೇಲೆಯೇ ಕಿಡಿ ಕೊಡಬೇಕು. ಹೊಸದಾಗಿ ಸೇರಿದ್ದ ಹುಡುಗ, ಬೀದರ ಕಡೆಯವನು, ಇಪ್ಪತ್ತೆರಡರ ಪ್ರಾಯ, ಮೇಲಿನವರು ಅವಸರ ಮಾಡಿದರೆಂದು ನೇರ ಕಿಡಿ ಕೊಟ್ಟ. ಒಳಗೆ ಸೇರಿದ್ದ ಆವಿಯೆಲ್ಲ ಒಮ್ಮೆಲೇ ಹೊತ್ತಿ ಬಾಗಿಲು ಹಾರಿತು. ಜೀವ ಉಳಿಯಿತು, ಎರಡೂ ಕೈ ಸುಟ್ಟವು. 'ಆ ಗುಂಯ್ ಅನ್ನೂದು ಅವನಿಗೆ ಹೇಳಲಿಕ್ಕತ್ತಿತ್ತು, ಅವಗ ಆ ಭಾಷಾ ಬರ್ತಿರಲಿಲ್ಲ' ಎಂದು ಇವರು ಮತ್ತೆ ಪೇಪರ್ ಎತ್ತಿಕೊಂಡರು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕಾಕಾ, ಬಿಟ್ಟು ಬಿಟ್ಟು ಅಂದ್ರ ಹೆಂಗ?' ಎಂದು ಕೇಳಿದಳು. ಇವರು ಮೇಜಿನ ಮೇಲೆ ಬೆರಳಿಂದ ಬಾರಿಸಿ ತೋರಿಸಿದರು. ಸ್ವಲ್ಪ ಸದ್ದು, ಮೌನ, ಮತ್ತೆ ಸದ್ದು, ಪ್ರತಿ ಸಲವೂ ಸ್ವಲ್ಪ ಉದ್ದ. ಅವಳ ಮುಖ ನೋಡಬೇಕಿತ್ತು!

ಸಂಗತಿಯೇನೆಂದರೆ, ಐಐಟಿ ಮದ್ರಾಸಿನ ಪ್ರಾಧ್ಯಾಪಕ ಆರ್. ಐ. ಸುಜಿತ್ ಮತ್ತು ಅವರ ಶಿಷ್ಯರು ದಳ್ಳುರಿಯ ಸದ್ದನ್ನು ಪ್ರಯೋಗಾಲಯದಲ್ಲಿ ಅಳೆದು 2014ರಲ್ಲಿ ಹೇಳಿದ್ದು ಇದೇ. ಅಲ್ಲಿಯವರೆಗೆ, ಉರಿಯ ಸಾಮಾನ್ಯ ಭರಾಟೆ ಬರೀ ಅರ್ಥವಿಲ್ಲದ ಗದ್ದಲ, ಹಾಡು ಶುರುವಾದರೆ ಇದ್ದಕ್ಕಿದ್ದಂತೆ ಶುರುವಾಗುತ್ತದೆ ಎಂದೇ ಬಹಳ ಜನರ ನಂಬಿಕೆ. ಇವರು ತೋರಿಸಿದ್ದು, ಆ ಗದ್ದಲಕ್ಕೂ ಒಂದು ಒಳಕಟ್ಟು ಇದೆ, ಹಾಡು ಪೂರ್ತಿ ಹತ್ತುವ ಮೊದಲು ನಡುನಡುವೆ ಸಣ್ಣ ಸಣ್ಣ ತುಣುಕುಗಳಾಗಿ ಬಂದು ಹೋಗುತ್ತದೆ ಎಂದು. ಬೆಳಗಿನ ಫಾಸ್ಟ್ ಲೋಕಲಿನ ಭಜನಾ ಮಂಡಳಿ ನೆನಪಿಸಿಕೊಳ್ಳಿ. ಕಲ್ಯಾಣದಲ್ಲಿ ಡಬ್ಬಿಯ ತುಂಬ ಬರೀ ಗಲಾಟೆ. ಡೊಂಬಿವಲಿ ಬರುವಷ್ಟರಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ತಾಳ ಕೇಳಿ ಅಡಗುತ್ತದೆ, ಮತ್ತೆ ಕೇಳುತ್ತದೆ. ಠಾಣೆ ದಾಟುವಾಗ ಇಡೀ ಡಬ್ಬಿಯೇ ಒಂದು ತಾಳಕ್ಕೆ ಚಪ್ಪಾಳೆ ತಟ್ಟುತ್ತಿರುತ್ತದೆ. ಮೂಲೆಯ ಆ ಮೊದಲ ತಾಳವನ್ನು ಯಂತ್ರವೊಂದು ಗುರುತಿಸಿದರೆ, ಎಂಜಿನ್ ಒಡೆಯುವ ಮೊದಲೇ ಇಂಧನ ಕಡಿಮೆ ಮಾಡಬಹುದು. ಇವರು ಕಿವಿಯಿಂದ ಕಂಡದ್ದನ್ನು ಅವರು ಗಣಿತದಿಂದ ಕಂಡಿದ್ದರು. ಇವರಿಗೆ ಇದನ್ನು ವಿವರಿಸಿದಾಗ, 'ಹಂಗಾದ್ರ ಸರಿ' ಎಂದಷ್ಟೇ ಹೇಳಿ ಆ ದಿನ ಎರಡು ಕಪ್ ಚಹಾ ಕುಡಿದರು.

ಇದೆಲ್ಲ ಹಳೆಯ ಬಾಯ್ಲರಿನ ವಿಷಯ ಎಂದುಕೊಳ್ಳಬೇಡಿ. ವಿದ್ಯುತ್ ಮಾಡುವ ಗ್ಯಾಸ್ ಟರ್ಬೈನುಗಳಲ್ಲಿ ಉರಿ ಬಹಳ ಬಿಸಿಯಾದರೆ ಗಾಳಿಯ ಸಾರಜನಕವೇ ಸುಟ್ಟು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಅದನ್ನು ತಪ್ಪಿಸಲು ಹೆಚ್ಚು ಗಾಳಿ ಬೆರೆಸಿ ತಂಪಾಗಿ ಉರಿಸುತ್ತಾರೆ. ಆದರೆ ಹೆಚ್ಚು ಗಾಳಿಯ ತೆಳು ಉರಿಯೇ ಹಾಡಲು ಸದಾ ಸಿದ್ಧ, ನಮ್ಮ ಒಲೆಯ ಹಾಗೆ. ಹೊಗೆ ಕಡಿಮೆ ಮಾಡಹೊರಟರೆ ನಡುಕ ಹೆಚ್ಚುತ್ತದೆ. 2014ರಲ್ಲಿ ಹಸಿರು ಮಳೆ, 2020ರಲ್ಲಿ ಗುಲಾಬಿ ರಸ್ತೆ ಕಂಡ ಊರಿನವರಾದ ನಾವು ಈ ಕಷ್ಟದ ಎರಡೂ ಬದಿಯನ್ನು ಬಲ್ಲೆವು.

ಉರಿಯೊಳಗೆ ಇಣುಕುವುದು ಹೇಗೆ ಎಂದು ನಾನು ಕೇಳಿದೆ, ಕೈ ಹಾಕಿದರೆ ಸುಡುತ್ತದಲ್ಲ. ಬೆಳಿಗ್ಗೆ ಕಿಟಕಿಯಿಂದ ಬಿಸಿಲುಕೋಲು ಬಿದ್ದಾಗ ಧೂಳಿನ ಕಣಗಳು ಹೊಳೆಯುತ್ತ ಗಾಳಿಯ ದಾರಿ ತೋರಿಸುತ್ತವೆ. ಪ್ರಯೋಗಾಲಯದಲ್ಲಿ ಬಿಸಿಲುಕೋಲಿನ ಬದಲು ಲೇಸರ್ ಬೆಳಕನ್ನು ಹಾಳೆಯಂತೆ ಹರಡಿ, ಗಾಳಿಯಲ್ಲಿ ನುಣ್ಣನೆಯ ಪುಡಿ ತೂರಿ, ಕ್ಯಾಮೆರಾದಿಂದ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುತ್ತಾರೆ. ಇನ್ನೊಂದು ಬಗೆಯ ಲೇಸರ್, ಉರಿ ಎಲ್ಲಿ ನಿಜವಾಗಿ ನಡೆದಿದೆಯೋ ಅಲ್ಲಿನ ಅಣುಗಳನ್ನು ಮಾತ್ರ ಹೊಳೆಯಿಸುತ್ತದೆ. ಒಲೆಯ ನೀಲಿ ಬಣ್ಣವೂ ಬರೀ ಚೆಂದಕ್ಕಲ್ಲ. ಉರಿಯುವಾಗ ಕ್ಷಣಕಾಲ ಹುಟ್ಟಿ ಸಾಯುವ ಇಂಗಾಲ, ಜಲಜನಕದ ತುಣುಕುಗಳು ಕೊಡುವ ಬೆಳಕು ಅದು. ಹಳದಿಯೆಂದರೆ ಕಾದ ಮಸಿ. ಪಾತ್ರೆಯ ತಳ ಕಪ್ಪಾದಾಗ ನಾವು ಬೈಯುವುದು ಅದನ್ನೇ.

ಈ ವಿದ್ಯೆಗೂ ಕನ್ನಡಕ್ಕೂ ಏನು ಸಂಬಂಧ ಎನ್ನುವಿರಾದರೆ ಎರಡು ಹೆಸರು ಹೇಳುತ್ತೇನೆ. ಗಾಳಿ ನೀರುಗಳ ಸುಳಿಯನ್ನು ಜೀವನವಿಡೀ ಅಭ್ಯಾಸ ಮಾಡಿದ ರೊದ್ದಂ ನರಸಿಂಹ, 2020ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡವರು, ನಮ್ಮವರೇ. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಲೇ ಕನ್ನಡದಲ್ಲಿ ವಿಜ್ಞಾನ ಪುಸ್ತಕ ಬರೆದವರು. ಇನ್ನೊಬ್ಬರು ಎಚ್. ಎಸ್. ಮುಕುಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ದಹನವಿದ್ಯೆಯ ಪ್ರಯೋಗಾಲಯ ಕಟ್ಟಿ, ರಾಕೆಟ್ಟಿನ ಉರಿಯನ್ನು ನೋಡಿದ ಕಣ್ಣಿನಿಂದಲೇ ಕಟ್ಟಿಗೆಯ ಒಲೆಯನ್ನೂ ನೋಡಿದರು. 'ಸ್ವಸ್ಥೀ' ಎಂಬ ಸೌದೆ ಒಲೆ 1980ರ ದಶಕದಲ್ಲಿ ಅಲ್ಲಿಂದಲೇ ಬಂತು. ಅದೇ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ ಹೊಗೆಕೊಳವೆಯ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಹಳ್ಳಿಗೆ ಹೋಯಿತು. ನಮ್ಮ ಅಜ್ಜಿಯ ಅಡುಗೆಮನೆಗೂ ಅದು ಬಂದಿತ್ತು. ಹೊಗೆ ಹೊರಗೆ ಹೋದ ದಿನ, 'ಇಷ್ಟು ದಿನ ಇದನ್ನ ಯಾಕ ಯಾರೂ ಮಾಡಿರಲಿಲ್ಲ?' ಎಂದು ಅವಳು ಕೇಳಿದ್ದಳು. ಆಗ ಅವಳ ಕಣ್ಣು ಅರ್ಧ ಹೋಗಿತ್ತು.

ಇನ್ನು ಮನೆಯ ವಿಷಯ. ಹುಡುಗಿಗೆ ಬೆಂಗಳೂರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತು. ವೈನಿ ನನ್ನ ಹತ್ತಿರ ಬಂದು ಅತ್ತರು. 'ಇಪ್ಪತ್ತಾರು ಮುಗೀತು. ಇರೋ ಪಗಾರ ಬಿಟ್ಟು ಐದು ವರ್ಷ ಬೆಂಕಿ ನೋಡ್ಕೋತ ಕೂಡ್ತಾಳಂತ. ನಿಮ್ಮ ಮಾತು ಕೇಳ್ತಾಳ, ನೀವರ ಬುದ್ಧಿ ಹೇಳ್ರಿ' ಎಂದರು. ಅವರ ಭಯ ಸುಳ್ಳಲ್ಲ, ಮಕ್ಕಳೇ. ಫ್ಲ್ಯಾಟಿನ ಸಾಲದ ಕಂತಿಗೆ ಅವಳ ಪಗಾರವೂ ಸೇರುತ್ತಿತ್ತು. ಸಂಶೋಧನೆಯ ವೇತನ ಅದರ ಅರ್ಧವೂ ಅಲ್ಲ. ನಾನು ಬುದ್ಧಿ ಹೇಳುವ ಬದಲು, ವೈನಿಯನ್ನು ನಮ್ಮ ಅಡುಗೆಮನೆಗೆ ಕರೆದು ಒಲೆ ಹಚ್ಚಿ ಆ ಹಾಡು ಕೇಳಿಸಿದೆ. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. 'ಮೆಕ್ಯಾನಿಕ್ ಕರೀರಿ' ಎಂದರು. ಸರಿಯಾದ ಮಾತು! ನಿಮ್ಮ ಮನೆಯ ಒಲೆ ಹೀಗೆ ಹಾಡಿದರೆ ನೀವೂ ಅದನ್ನೇ ಮಾಡಿ, ಜೆಟ್ಟಿಗೆ ಸೂಜಿ ಚುಚ್ಚುತ್ತ ಕೂಡಬೇಡಿ. ಕಡೆಗೆ ವೈನಿಯ ಮನಸ್ಸು ತಿರುಗಿಸಿದ್ದು ನಾನಲ್ಲ, ನಮ್ಮ ಮನೆಯವರು. ಅವರು ಮೇಲೆ ಹೋಗಿ ಏನು ಹೇಳಿದರೆಂದು ನನಗೆ ಗೊತ್ತಿಲ್ಲ, ಬೀದರದ ಆ ಹುಡುಗನ ಕಥೆಯನ್ನೇ ಹೇಳಿರಬೇಕು. ಸಾಲದ ಕಂತಿಗೆ ಅವಳ ಅಣ್ಣ ಸ್ವಲ್ಪ ಹೆಚ್ಚು ಹಾಕಲು ಒಪ್ಪಿದ.

ಮೆಕ್ಯಾನಿಕ್ ಬಂದು ಗಾಳಿಯ ಕಿಂಡಿಯನ್ನು ಒಂದಿಷ್ಟು ತಿರುಗಿಸಿದ. ಎರಡೇ ನಿಮಿಷದ ಕೆಲಸ, ಒಲೆ ಸುಮ್ಮನಾಯಿತು.

ಅವಳು ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹೊರಟ ದಿನ ನಾನು ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಟ್ಟೆ. ಕಲ್ಯಾಣ ಸ್ಟೇಷನ್ನಿಗೆ ನಾವೆಲ್ಲ ಹೋಗಿದ್ದೆವು. ವೈನಿ ಕಿಟಕಿಯ ಸರಳು ಹಿಡಿದು ಔಷಧ, ಸ್ವೆಟರು, ಬೀಗ ಎಂದೆಲ್ಲ ಹೇಳುತ್ತಿದ್ದರು. ಗಾಡಿ ಸೀಟಿ ಹಾಕಿತು. ಅಷ್ಟು ಹೊತ್ತು ಸುಮ್ಮನೆ ನಿಂತಿದ್ದ ನಮ್ಮ ಮನೆಯವರು ಒಮ್ಮೆಲೇ ಮುಂದೆ ಬಂದು, 'ಅಲ್ಲವ್ವಾ, ನಿಮ್ಮ ಲ್ಯಾಬಿನ್ಯಾಗ ಬರ್ನರ್ ಹಚ್ಚೂ ಮೊದಲ ಪರ್ಜ್ ಮಾಡ್ತಾರೋ ಇಲ್ಲೋ?' ಎಂದು ಕೇಳಿದರು.

'ಹೋದ ಕೂಡ್ಲೆ ಅದನ್ನೇ ಕೇಳ್ತೀನಿ ಕಾಕಾ' ಎಂದಳು. ಗಾಡಿ ಹೊರಟಿತು.